ಪರೀಕ್ಷೆ ಮುಗಿದ ಮೇಲೆ ಉತ್ತರ ತಾಳೆ ನೋಡಬೇಕಾ?

ಸಂಜೆಮಲ್ಲಿಗೆ:
ನಿನ್ನೆ ಅಮೆರಿಕದ ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆ ಬರೆದೆ. ಹೊರಗೆ ಬಂದಾಗ ಖುಷಿಯಲ್ಲೇ ಇದ್ದೆ. ಆಮೇಲೆ ಇಬ್ಬರು ಗೆಳತಿಯರ ಜೊತೆ ಗಣಿತದ ಉತ್ತರ ತಾಳೆ ನೋಡಲು ಕೂತೆ. ಅವರು ಹೇಳಿದ ಮೂರು ಲೆಕ್ಕ ನಾನು ನೋಡಿಯೇ ಇಲ್ಲ. ‘ಗಾಬರಿಯಲ್ಲಿ ಬಿಟ್ಟು ಬಂದಿದ್ದೀಯ’ ಅಂದರು. ಮೂವರಿಗೂ ಬಂದಿದ್ದ ಒಂದು ಲೆಕ್ಕಕ್ಕೆ ಅವರಿಬ್ಬರದೂ ಒಂದೇ ಉತ್ತರ, ನನ್ನದು ಬೇರೆ. ರಾತ್ರಿಯಿಡೀ ಅದೇ ತಲೆಯಲ್ಲಿ ಸುತ್ತುತ್ತಿತ್ತು. ಅಂಕ ಬರಲು ಇನ್ನೂ ಎರಡು ವಾರ ಇದೆ. ಆ ಲೆಕ್ಕ ಇಲ್ಲಿ ಹಾಕುತ್ತೇನೆ, ಯಾರಾದರೂ ಬಿಡಿಸಿ ಹೇಳುತ್ತೀರಾ?

ಗಣಿತದ ಮೇಷ್ಟ್ರು:
ದಯವಿಟ್ಟು ಹಾಕಬೇಡಮ್ಮ. ಪರೀಕ್ಷೆಗೆ ಕೂರುವ ಮೊದಲು ನೀನು ಒಪ್ಪಿಕೊಂಡ ನಿಯಮಗಳಲ್ಲೇ ಪ್ರಶ್ನೆಗಳನ್ನು ಯಾರಿಗೂ ಹೇಳುವಂತಿಲ್ಲ ಎಂದಿದೆ. ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಸಂಸ್ಥೆ ಅಂಕ ರದ್ದು ಮಾಡಬಹುದು, ಮುಂದೆ ಬರೆಯದಂತೆ ತಡೆಯಲೂಬಹುದು.

ಆ ಮೂರು ಲೆಕ್ಕದ ಚಿಂತೆ ಬಿಡು. ಕಾಗದದ ಪರೀಕ್ಷೆಯ ಕಾಲ ಹೋಯಿತು. ಬೇರೆ ದೇಶಗಳಲ್ಲಿ 2023ರಿಂದ, ಅಮೆರಿಕದಲ್ಲಿ 2024ರಿಂದ ಕಂಪ್ಯೂಟರ್‌ನಲ್ಲೇ ಬರೆಯುವುದು. ಪಕ್ಕಪಕ್ಕ ಕೂತವರಿಗೂ ಒಂದೇ ಪ್ರಶ್ನೆಗಳು ಬರುವುದಿಲ್ಲ. ಗಣಿತದಲ್ಲಿ 22 ಪ್ರಶ್ನೆಗಳ ಎರಡು ಮಾಡ್ಯೂಲ್, ಅಂದರೆ ಎರಡು ಭಾಗ, ಇವೆ. ಮೊದಲನೆಯದನ್ನು ಹೇಗೆ ಮಾಡಿದ್ದೀಯ ಎಂದು ನೋಡಿ ಎರಡನೆಯದು ಕಷ್ಟದ್ದೋ ಸುಲಭದ್ದೋ ಬರುತ್ತದೆ. ಕೊನೆಯಲ್ಲಿ ಯಾವ ಪ್ರಶ್ನೆ ಖಾಲಿ ಇದೆ ಎಂದು ಪರದೆ ಮೇಲೆ ತೋರಿಸುತ್ತದಲ್ಲ, ಅಲ್ಲಿ ಎಲ್ಲಾ ತುಂಬಿತ್ತಾ? ಹಾಗಿದ್ದರೆ ನೀನು ಏನನ್ನೂ ಬಿಟ್ಟು ಬಂದಿಲ್ಲ.

ಇಬ್ಬರು ಮಕ್ಕಳ ಅಮ್ಮ:
ನನ್ನ ಮಗನೂ ಹೋದ ವರ್ಷ ಹೀಗೇ ಮಾಡಿದ. ಗೆಳೆಯ ‘ಎರಡನೇ ಮಾಡ್ಯೂಲ್ ತುಂಬ ಕಷ್ಟ ಇತ್ತು’ ಅಂದ. ಇವನಿಗೆ ಸುಲಭ ಅನ್ನಿಸಿತ್ತು. ಹಾಗಾದರೆ ನನಗೆ ಸುಲಭದ್ದೇ ಬಂದಿದೆ, ಅಂಕ ಮೇಲೇರುವುದಿಲ್ಲ ಎಂದು ಎರಡು ವಾರ ಕೊರಗಿದ. ಕೊನೆಗೆ ಗಣಿತದಲ್ಲಿ 760 ಬಂತು. ಅವನಿಗೆ ಬಂದದ್ದೂ ಕಷ್ಟದ ಮಾಡ್ಯೂಲೇ ಇರಬೇಕು. ಚೆನ್ನಾಗಿ ಓದಿದ್ದಕ್ಕೆ ಸುಲಭ ಅನ್ನಿಸಿತ್ತು. ಸುಮ್ನೆ ಕೊರಗಿದ ಆ ದಿನಗಳಲ್ಲಿ ಶಾಲೆಯ ಒಂದು ಟೆಸ್ಟ್ ಕೂಡ ಕೆಟ್ಟಿತು. ಪರೀಕ್ಷೆ ಮುಗಿದ ಮೇಲೆ ಆ ಸುದ್ದಿಯೇ ಬೇಡ ಎಂದು ಈಗ ಮನೆಯಲ್ಲಿ ಹೇಳಿಬಿಟ್ಟಿದ್ದೇನೆ.

ಹಸಿರುಪೆನ್ನು:
ಆಂಟಿ, ಸುದ್ದಿಯೇ ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕಾಗದದ ಪರೀಕ್ಷೆ ಇದ್ದಾಗ ಕೆಲವು ತಿಂಗಳು ಹಣ ಕಟ್ಟಿದರೆ ಪ್ರಶ್ನೆಗಳೂ ನಮ್ಮ ಉತ್ತರಗಳೂ ನೋಡಲು ಸಿಗುತ್ತಿದ್ದವು. ಈಗ ಅದೂ ಇಲ್ಲ. ಅಂಕದ ಜೊತೆ 8 ವಿಭಾಗಗಳಲ್ಲಿ ನಾವು ಹೇಗಿದ್ದೇವೆ ಎಂದಷ್ಟೇ ತೋರಿಸುತ್ತಾರೆ. ಯಾವ ಹೆಜ್ಜೆಯಲ್ಲಿ ಎಡವಿದೆವು ಎಂಬುದು ನಮಗೇ ನೆನಪಿರಬೇಕು.

ಮೊದಲ ಸಲ ಬರೆದ ದಿನವೇ ನಾನು ಬರೆದಿಟ್ಟುಕೊಂಡೆ. ವೃತ್ತದ ಸಮೀಕರಣದಲ್ಲಿ ತಡವರಿಸಿದೆ, ಇಂಗ್ಲಿಷ್‌ನಲ್ಲಿ ಸೆಮಿಕೋಲನ್ ಎಲ್ಲಿ ಬರಬೇಕೆಂದು ಊಹೆ ಮಾಡಿದೆ, ಅಂತ. ಗೆಳೆಯನಿಗೆ ಪ್ರಶ್ನೆ ಹೇಳಲಿಲ್ಲ, ಇಷ್ಟೇ ಹೇಳಿದೆ. ಅವನು ಒಂದೇ ಸಂಜೆಯಲ್ಲಿ ಸೆಮಿಕೋಲನ್ ಕಲಿಸಿದ. ಎರಡನೇ ಸಲ 90 ಅಂಕ ಜಾಸ್ತಿ ಬಂತು.

ಗಣಿತದ ಮೇಷ್ಟ್ರು:
ಅದನ್ನು ನಾನೂ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನಪ್ಪ. ಎಷ್ಟು ತಪ್ಪಾಯಿತು ಎಂದು ಎಣಿಸಿ ಅಂಕ ಊಹಿಸುತ್ತಾರಲ್ಲ, ನನ್ನ ತಕರಾರು ಅದಕ್ಕೆ. ಪ್ರತಿ ಮಾಡ್ಯೂಲ್‌ನಲ್ಲಿ 2 ಪ್ರಶ್ನೆಗಳಿಗೆ ಅಂಕವೇ ಇಲ್ಲ. ಮುಂದೆ ಬಳಸಬಹುದಾ ಎಂದು ನೋಡಲು ಸೇರಿಸಿರುತ್ತಾರೆ. ಗಣಿತ, ಇಂಗ್ಲಿಷ್ ಎರಡೂ ಸೇರಿ ಒಟ್ಟು 98ರಲ್ಲಿ 8 ಪ್ರಶ್ನೆ ಹೀಗೆ. ಯಾವುವು ಎಂದು ಬರೆಯುವವರಿಗೆ ಗೊತ್ತಾಗುವುದಿಲ್ಲ. ಸಂಜೆಮಲ್ಲಿಗೆಯ ನಿದ್ದೆ ಕೆಡಿಸಿದ ಲೆಕ್ಕವೇ ಅವುಗಳಲ್ಲಿ ಒಂದಾಗಿರಬಹುದು.

ಉಳಿದವುಗಳಿಗೂ ಒಂದೇ ತೂಕ ಇಲ್ಲ. ಪ್ರಶ್ನೆ ಎಷ್ಟು ಕಷ್ಟದ್ದು ಎಂಬುದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಇಬ್ಬರದು ನಾಲ್ಕು ನಾಲ್ಕು ತಪ್ಪಾದರೂ ಅಂಕ ಬೇರೆ ಬೇರೆ ಬರಬಹುದು. ಇನ್ನೊಂದು ಮಾತು. ಇಬ್ಬರ ಉತ್ತರ ಹೊಂದಿದ ಮಾತ್ರಕ್ಕೆ ಅದು ಸರಿ ಎಂದಲ್ಲ. ಜನ ಸಾಮಾನ್ಯವಾಗಿ ಎಡವುವ ಜಾಗ ನೋಡಿಯೇ ತಪ್ಪು ಆಯ್ಕೆಗಳನ್ನು ಇಟ್ಟಿರುತ್ತಾರೆ.

ನದಿದಂಡೆ:
ನಾನು ಯಾರ ಜೊತೆಯೂ ಮಾತಾಡದೆ ಮನೆಗೆ ಬಂದವಳು. ಅದೂ ಕಷ್ಟವೇ. ತಪ್ಪು ಮಾಡಿದ್ದು ನಾನೊಬ್ಬಳೇ ಅನ್ನಿಸುತ್ತಿತ್ತು. ಮೂರು ದಿನದ ಮೇಲೆ ಗೆಳತಿ ‘ಕೊನೇ ಐದು ನಿಮಿಷ ನನ್ನ ಕೈ ನಡುಗುತ್ತಿತ್ತು’ ಅಂದಳು. ನನಗೂ ಹಾಗೇ ಆಗಿತ್ತು. ಅವತ್ತು ನೆಮ್ಮದಿಯಾಗಿ ಮಲಗಿದೆ.

ಇಬ್ಬರು ಮಕ್ಕಳ ಅಮ್ಮ:
ಈ ಮಾತು ನನಗೆ ತಟ್ಟಿತು ಪುಟ್ಟಿ. ಮಗ ಅವತ್ತು ಬಾಯಿ ಬಿಟ್ಟು ಹೇಳಿದ್ದಕ್ಕೇ ಅವನ ಸಂಕಟ ನನಗೆ ಗೊತ್ತಾಗಿದ್ದು. ಚಿಕ್ಕವಳು ಬರೆದು ಬಂದಾಗ ಮಾತು ತಡೆಯುವುದಿಲ್ಲ. ಉತ್ತರ ಎಣಿಸಲು ಮಾತ್ರ ಬಿಡುವುದಿಲ್ಲ.

ಸಂಜೆಮಲ್ಲಿಗೆ:
ಮೇಷ್ಟ್ರೇ, ನೆನಪು ಮಾಡಿಕೊಂಡೆ. ಪರದೆ ಮೇಲೆ ಒಂದೂ ಖಾಲಿ ಇರಲಿಲ್ಲ! ಗೆಳತಿಯರಿಗೂ ಹೇಳಿದೆ. ಅವರಿಗೂ ಅಂಕವಿಲ್ಲದ ಪ್ರಶ್ನೆಗಳ ವಿಷಯ ಗೊತ್ತಿರಲಿಲ್ಲ. ಲೆಕ್ಕ ಇಲ್ಲಿ ಹಾಕುವುದಿಲ್ಲ. ಆದರೆ ಶೇಕಡಾವಾರು ಏರಿಕೆ ಇಳಿಕೆ ಒಂದರ ಮೇಲೊಂದು ಬಂದರೆ ನಾನು ತಬ್ಬಿಬ್ಬಾಗುತ್ತೇನೆ. ಅದು ಮೊದಲಿನಿಂದಲೂ ಇದೆ. ಹಸಿರುಪೆನ್ನು, ನೀವು ಅದನ್ನು ಹೇಗೆ ಓದಿದಿರಿ?

ಹಸಿರುಪೆನ್ನು:
ಮೊದಲು 100 ಅಂತ ಇಟ್ಟುಕೊಂಡು ನೋಡಿ. 20% ಏರಿದರೆ 120. ಅದರ ಮೇಲೆ 20% ಇಳಿದರೆ 96, ಮತ್ತೆ 100 ಆಗುವುದಿಲ್ಲ. ಇಂಥದ್ದು ಹತ್ತು ಲೆಕ್ಕ ಮಾಡಿದ್ದೆ. ಸಂಜೆ ಕಳಿಸುತ್ತೇನೆ.