ಎನ್‌ವಿಎಂಇ ಕ್ಯಾನ್ಸಲ್: ಯಾವಾಗಲೋ ಒಮ್ಮೆ ಹಿಡಿಯುತ್ತೆ, ಮಿಕ್ಕ ಹೊತ್ತು ಸೊನ್ನೆ

ಮಡಿಕೇರಿ_ಮಂಜು
ತಲೆ ಕೆಟ್ಟು ಹೋಗಿದೆ. ಎನ್‌ವಿಎಂಇಯಲ್ಲಿ (ಎಸ್‌ಎಸ್‌ಡಿ ಜೊತೆ ಮಾತಾಡೋ ಪ್ರೋಟೋಕಾಲ್) ಟೈಮ್‌ಔಟ್ ಆದ, ಅಂದ್ರೆ ಹೊತ್ತಿಗೆ ಉತ್ತರ ಬರದ ಕಮಾಂಡನ್ನ ರದ್ದು ಮಾಡೋಕೆ ಲಿನಕ್ಸ್ ಕರ್ನಲ್‌ಗೆ ಪ್ಯಾಚ್ ಬರೆದಿದೀನಿ. ಕಂಪೈಲ್ ಆಗುತ್ತೆ, ಬೂಟ್ ಆಗುತ್ತೆ, ಕ್ಯಾನ್ಸಲ್ ಹೋಗುತ್ತೆ, ಉತ್ತರಾನೂ ಬರುತ್ತೆ. ಆದರೆ ಆ ಉತ್ತರದಲ್ಲಿ ಎಷ್ಟು ಕಮಾಂಡ್ ರದ್ದಾಯ್ತು ಅನ್ನೋ ಲೆಕ್ಕ ಸೊನ್ನೆ. ಅಪರೂಪಕ್ಕೆ 1 ಅಂತ ಬರುತ್ತೆ, ಮತ್ತೆ ಸೊನ್ನೆ. ಯಾರಿಗಾದ್ರೂ ಹೀಗಾಗಿದೆಯಾ?

ಗೋಣಿಕೊಪ್ಪ_ಗಣಕ
ಪವರ್ ಸೇವಿಂಗ್. ಡ್ರೈವ್ ನಿದ್ದೆ ಹೋಗ್ತಿದೆ. ಎಪಿಎಸ್‌ಟಿ (ಡ್ರೈವ್ ತಾನಾಗಿ ನಿದ್ದೆಗೆ ಜಾರೋ ಸೌಲಭ್ಯ) ಆಫ್ ಮಾಡಿ, ನನ್ನ ಲ್ಯಾಪ್‌ಟಾಪ್ ಅದರಿಂದಲೇ ಸರಿಹೋಯ್ತು.

ಮಡಿಕೇರಿ_ಮಂಜು
ಮಾಡಿದೆ. ಅದೇ ಕಥೆ.

ಗೋಣಿಕೊಪ್ಪ_ಗಣಕ
ಬಯಾಸ್‌ನಲ್ಲಿ ಎಎಸ್‌ಪಿಎಂ (ಮದರ್‌ಬೋರ್ಡ್‌ಗೂ ಡ್ರೈವ್‌ಗೂ ನಡುವಿನ ಲಿಂಕ್‌ನ ಪವರ್ ಸೇವಿಂಗ್) ಕೂಡ ತೆಗೀರಿ. ಯಾವ ಡ್ರೈವ್?

ಮಡಿಕೇರಿ_ಮಂಜು
ಡ್ರೈವ್ ಎಲ್ಲಿಂದ ಬಂತು ಸಾರ್? ಎರಡು ವರ್ಚುವಲ್ ಮಷೀನ್, ನೆಟ್‌ವರ್ಕ್‌ನ ಟಿಸಿಪಿ ಮೇಲೆ ಎನ್‌ವಿಎಂಇಟಿ ಟಾರ್ಗೆಟ್ (ಡ್ರೈವ್‌ನ ಪಾತ್ರ ಮಾಡೋ ಕರ್ನಲ್ ಕೋಡ್), ಅದರ ಹಿಂದೆ ಓದು-ಬರಹವನ್ನ ಬೇಕಂತಲೇ ತಡ ಮಾಡೋ ಡಿಎಂ-ಡಿಲೇ, 60 ಸೆಕೆಂಡ್. ಟೆಸ್ಟ್ ಎಲ್ಲರೂ ಹೀಗೇ ಅಲ್ವಾ ಮಾಡೋದು?

ಕುಶಾಲನಗರ_ಕಾವೇರಿ
ಇದನ್ನ ಮೊದಲೇ ಬರೀಬಾರದಿತ್ತಾ ಮಾರಾಯ್ರೇ! ಟೈಮ್‌ಔಟ್ ಆದಾಗ ಅಬಾರ್ಟ್ (ರದ್ದು ಮಾಡು ಅನ್ನೋ ಹಳೇ ಕಮಾಂಡ್) ಕಳಿಸೋದು ಪಿಸಿಐಇ ಡ್ರೈವರ್ (ಮದರ್‌ಬೋರ್ಡ್‌ಗೇ ಕೂರೋ ಡ್ರೈವ್‌ಗಳದ್ದು) ಮಾತ್ರ. ಟಿಸಿಪಿ ಡ್ರೈವರ್ 30 ಸೆಕೆಂಡ್ ಕಾದು ಕನೆಕ್ಷನ್ನನ್ನೇ ಕೆಡವಿ ಮತ್ತೆ ಕಟ್ಟುತ್ತೆ. ಎನ್‌ವಿಎಂಇಟಿಯಲ್ಲಿ ಅಬಾರ್ಟ್ ಇರೋದೂ ಹೆಸರಿಗೆ. ಸ್ಪೆಕ್‌ನಲ್ಲಿ ಕಡ್ಡಾಯ ಅಂತ ಇಟ್ಟಿದಾರೆ, ಏನು ಕೇಳಿದ್ರೂ "ರದ್ದಾಗಲಿಲ್ಲ" ಅಂತಲೇ ಉತ್ತರ. ನೀವು ಕಳಿಸ್ತಿರೋದು ಅಡ್ಮಿನ್ ಕ್ಯೂನ (ನಿರ್ವಹಣೆ ಕಮಾಂಡ್‌ಗಳ ಸಾಲು) ಅಬಾರ್ಟಾ, ಸ್ಪೆಕ್ 2.1ರಲ್ಲಿ ಬಂದ ಐಒ ಕ್ಯೂನ (ಓದು-ಬರಹದ ಸಾಲು) ಕ್ಯಾನ್ಸಲ್ಲಾ?

ಮಡಿಕೇರಿ_ಮಂಜು
ಕ್ಯಾನ್ಸಲ್. ಟಾರ್ಗೆಟ್ ಕಡೆ ಕೋಡೂ ನಂದೇ. ಬಾಕಿ ಇರೋ ಕಮಾಂಡ್‌ಗಳ ಲಿಸ್ಟ್ ಇಟ್ಟು ಸಿಐಡಿ (ಕಮಾಂಡ್‌ನ ಗುರುತಿನ ಸಂಖ್ಯೆ) ಹೋಲಿಸ್ತೀನಿ.

ವಿರಾಜಪೇಟೆ_ಹಳಬ
ಡಿಸ್ಕ್‌ಗಳ ಹಳೇ ಪ್ರೋಟೋಕಾಲ್ ಸ್ಕಸಿಯಲ್ಲಿ ಈ ರಗಳೆಯೇ ಇಲ್ಲ. ನಕಲಿ ಡಿಸ್ಕ್ ಕೊಡೋ ಸ್ಕಸಿ_ಡಿಬಗ್ ಲೋಡ್ ಮಾಡಿ, ಆಪ್ಟ್ಸ್=4, ಎವ್ರಿ_ಎನ್‌ತ್=100. ನೂರಕ್ಕೊಂದು ಕಮಾಂಡ್‌ಗೆ ಉತ್ತರವೇ ಬರಲ್ಲ, ಅಬಾರ್ಟ್ ತಾನಾಗಿ ಓಡುತ್ತೆ.

ಕುಶಾಲನಗರ_ಕಾವೇರಿ
ಅಣ್ಣಾ, ಅವರು ಎನ್‌ವಿಎಂಇ ಕೇಳ್ತಿದಾರೆ.

ವಿರಾಜಪೇಟೆ_ಹಳಬ
ರದ್ದು ಮಾಡೋದು ಕಲೀಬೇಕು ಅಂದ್ರೆ ಸ್ಕಸಿಯ ಎರರ್ ಹ್ಯಾಂಡ್ಲರ್ ಓದಬೇಕು. ಈಗಿನವರಿಗೆ ಓದೋದೇ ಬೇಡ.

ಗೋಣಿಕೊಪ್ಪ_ಗಣಕ
ವರ್ಚುವಲ್ ಆದ್ರೇನು, ಕೆಳಗಿರೋ ಮಷೀನ್‌ಗೆ ಕರೆಂಟ್ ಬೇಡವಾ? ಈ ಮಳೇಲಿ ವೋಲ್ಟೇಜ್ ನೋಡಿದೀರಾ? ನಾನು ತೋಟದ ಮನೇಲಿ ಲಿಥಿಯಂ ಬ್ಯಾಟರಿ, ಸೋಲಾರ್, ಎರಡು ರೂಟರ್ ಇಟ್ಟಿದೀನಿ. ಊರಿಗೆಲ್ಲ ಕತ್ತಲಾದ್ರೂ ನನ್ನ ಸರ್ವರ್ ಮಲಗಲ್ಲ.

ಕುಶಾಲನಗರ_ಕಾವೇರಿ
ಕರೆಂಟ್ ಬಿಡಿ. ಮಂಜು, ಸಿಐಡಿ ಜಾಗಕ್ಕೆ ಆರ್‌ಕ್ಯೂ->ಟ್ಯಾಗ್ (ರಿಕ್ವೆಸ್ಟ್‌ಗೆ ಕರ್ನಲ್ ಕೊಡೋ ನಂಬರ್) ನೇರವಾಗಿ ಹಾಕಿದೀರಾ? ಸಿಐಡಿಯ 16 ಬಿಟ್‌ನಲ್ಲಿ ಕೆಳಗಿನ 12 ಮಾತ್ರ ಟ್ಯಾಗ್. ಮೇಲಿನ 4 ಜನರೇಷನ್ ಕೌಂಟರ್, ಅದೇ ಟ್ಯಾಗ್ ಮರುಬಳಕೆ ಆದಾಗಲೆಲ್ಲ ಒಂದು ಏರುತ್ತೆ. ಬರೀ ಟ್ಯಾಗ್ ಕಳಿಸಿದ್ರೆ ಕೌಂಟರ್ ಸುತ್ತಿ ಸೊನ್ನೆಗೆ ಬಂದಾಗ ಮಾತ್ರ ತಾಳೆಯಾಗುತ್ತೆ, ಅಂದ್ರೆ 16ಕ್ಕೆ 1. ಎರಡನ್ನೂ ಸೇರಿಸಿ ಕೊಡೋ ಎನ್‌ವಿಎಂಇ_ಸಿಐಡಿ() ಬಳಸಿ. ಕೌಂಟರ್ ಮಾಸ್ಕ್ ಮಾಡಿ (ಬದಿಗಿಟ್ಟು) ಹೋಲಿಸೋ ಅಡ್ಡದಾರಿ ಮಾತ್ರ ಬೇಡ. ತಡವಾಗಿ ಬಂದ ಕ್ಯಾನ್ಸಲ್, ಅದೇ ಟ್ಯಾಗ್ ಹಿಡಿದ ಹೊಸ ಕಮಾಂಡನ್ನ ಕೊಲ್ಲುತ್ತೆ.

ಮಡಿಕೇರಿ_ಮಂಜು
ಟ್ಯಾಗ್ 0x005, ಟಾರ್ಗೆಟ್‌ಗೆ ಬಂದ ಸಿಐಡಿ 0x3005. ಎನ್‌ವಿಎಂಇ_ಸಿಐಡಿ() ಹಾಕಿದೆ, ಪ್ರತಿ ಸಲ 1 ಬರ್ತಿದೆ!! ಆದ್ರೆ ಡಿಲೇ ಮುಗಿಯೋ ಹೊತ್ತಿಗೆ ಟಾರ್ಗೆಟ್ ಮಷೀನ್ ಪ್ಯಾನಿಕ್, ಕರ್ನಲ್ ನಿಂತೇ ಹೋಗುತ್ತೆ.

ಕುಶಾಲನಗರ_ಕಾವೇರಿ
ಬಯೋ (ಡಿಸ್ಕ್‌ಗೆ ಹೋಗೋ ಓದು-ಬರಹದ ಕೋರಿಕೆ) ಇನ್ನೂ ಡಿಎಂ-ಡಿಲೇ ಹತ್ರ ಇದೆ, ನೀವು ರಿಕ್ವೆಸ್ಟ್ ಮುಗಿಸಿಬಿಟ್ಟಿದೀರಿ. ಒಮ್ಮೆ ಸಲ್ಲಿಸಿದ ಬಯೋ ವಾಪಸ್ ಕರೆಸೋಕೆ ಕರ್ನಲ್‌ನ ಬ್ಲಾಕ್ ಲೇಯರ್‌ನಲ್ಲಿ (ಅವನ್ನ ಡಿಸ್ಕ್‌ಗೆ ಸಾಗಿಸೋ ಭಾಗ) ದಾರಿಯಿಲ್ಲ. ಪಲ್ಪರ್‌ಗೆ ಸುರಿದ ಕಾಫಿ ಹಣ್ಣು ವಾಪಸ್ ಬರುತ್ತಾ? ಪ್ಯಾನಿಕ್ ಆಗಿದ್ದೇ ಒಳ್ಳೇದಾಯ್ತು. ಅದು ರೈಟ್ (ಬರೆಯೋ ಕಮಾಂಡ್) ಆಗಿದ್ರೆ ಕಮಾಂಡ್ ಕಳಿಸಿದ ಹೋಸ್ಟ್ ಮಷೀನ್ "ರದ್ದಾಯ್ತು" ಅಂತ ನಂಬಿ ಹೊಸ ಡೇಟಾ ಬರೀತಿತ್ತು, ಆಮೇಲೆ ಹಳೇದು ಬಂದು ಅದರ ಮೇಲೇ ಕೂರ್ತಿತ್ತು. ಬಯೋ ಮುಗಿಯೋವರೆಗೂ ಆ ಕಮಾಂಡ್‌ನ ಉತ್ತರ ತಡೆಹಿಡೀರಿ.

ಮಡಿಕೇರಿ_ಮಂಜು
60 ಸೆಕೆಂಡ್ ಕಾಯಲೇಬೇಕು ಅಂದ್ರೆ ರದ್ದು ಮಾಡಿ ಏನು ಬಂತು?

ವಿರಾಜಪೇಟೆ_ಹಳಬ
ಅದಕ್ಕೇ ಸ್ಕಸಿ ಅಂದಿದ್ದು.

ನಾಪೋಕ್ಲು_ನಿವಾಸಿ
ಗಣಕ ಅವರೇ, ಆ ಲಿಥಿಯಂ ಬ್ಯಾಟರಿಗೆ ಎಷ್ಟಾಯ್ತು? ಹಳೇ ಇನ್ವರ್ಟರ್‌ಗೇ ಕೂರುತ್ತಾ?