ಅಥೆನ್ಸಿನ ಗೂಬೆ ನಾಣ್ಯಕ್ಕೆ 1,450 ಯೂರೋ ಹೇಳುತ್ತಿದ್ದಾರೆ, ಸರಿಯಾದ ಬೆಲೆಯಾ?

ಹಾಸನದ_ಹುಡುಗ

ಎಲ್ಲರಿಗೂ ನಮಸ್ಕಾರ. ಊರು ಹಾಸನ, ಈಗ ಕೆಲಸದ ಮೇಲೆ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ. ಇಷ್ಟು ದಿನ ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಗಳನ್ನು ಮಾತ್ರ ಕೂಡಿಡುತ್ತಿದ್ದೆ. ಈಗ ಮೊದಲ ಸಲ ಒಂದು ಗ್ರೀಕ್ ನಾಣ್ಯ ತೆಗೆದುಕೊಳ್ಳುವ ಆಸೆ. ಒಂದು ಕಡೆ ಅಥೀನಾ ದೇವಿಯ ತಲೆ, ಇನ್ನೊಂದು ಕಡೆ ಗೂಬೆ ಇರುವ ಟೆಟ್ರಾಡ್ರಾಕ್ಮ, ಅಂದರೆ ಪ್ರಾಚೀನ ಅಥೆನ್ಸಿನ ನಾಲ್ಕು ಡ್ರಾಕ್ಮದ ಬೆಳ್ಳಿ ನಾಣ್ಯ.

ಇಲ್ಲಿನ ಒಬ್ಬ ವ್ಯಾಪಾರಿ 1,450 ಯೂರೋ ಹೇಳುತ್ತಿದ್ದಾರೆ. ನೆಟ್‌ನಲ್ಲಿ ಹುಡುಕಿದರೆ ಅದೇ ನಾಣ್ಯ 450ಕ್ಕೂ ಸಿಗುತ್ತದೆ, 2,900ಕ್ಕೂ ಸಿಗುತ್ತದೆ. ರೂಪಾಯಿ ನಾಣ್ಯವಾದರೆ ಇಸವಿ, ಟಂಕಸಾಲೆ ನೋಡಿ ಕ್ಯಾಟಲಾಗ್ ತೆಗೆದರೆ ಬೆಲೆಯ ಅಂದಾಜು ಸಿಗುತ್ತಿತ್ತು. ಇಲ್ಲಿ ಯಾವ ಕ್ಯಾಟಲಾಗ್ ನೋಡಬೇಕು? ಎರಡು ವಾರದಿಂದ ತಲೆ ಕೆಟ್ಟುಹೋಗಿದೆ.

ತಕ್ಕಡಿ

ಕ್ಯಾಟಲಾಗ್ ಹುಡುಕುವುದನ್ನು ಮೊದಲು ಬಿಡಿ ಸರ್. ತೊಂದರೆ ಇರುವುದೇ ಅಲ್ಲಿ. ನಿಮ್ಮ ರೂಪಾಯಿಗಳು ಯಂತ್ರದಲ್ಲಿ ಅಚ್ಚಾದವು. ಎರಡು ರೂಪಾಯಿ ಪಕ್ಕ ಪಕ್ಕ ಇಟ್ಟರೆ ಸವೆತ ಒಂದೇ ವ್ಯತ್ಯಾಸ. ಗೂಬೆ ನಾಣ್ಯವನ್ನು ಒಬ್ಬ ಮನುಷ್ಯ ಕೆತ್ತಿದ ಎರಡು ಅಚ್ಚುಗಳ ನಡುವೆ ಬೆಳ್ಳಿ ಬಿಲ್ಲೆ ಇಟ್ಟು ಸುತ್ತಿಗೆಯಿಂದ ಹೊಡೆದಿದ್ದಾನೆ. ಏಟು ಆ ಕಡೆ ಬಿದ್ದರೆ ಗೂಬೆಯ ಕಾಲು ಇಲ್ಲ, ಈ ಕಡೆ ಬಿದ್ದರೆ ಅಥೀನಾಳ ಮೂಗು ಇಲ್ಲ. ಹಾಗಾಗಿ 'ಗೂಬೆ ನಾಣ್ಯದ ಬೆಲೆ' ಅಂತ ಒಂದು ಇರುವುದೇ ಇಲ್ಲ. ಆ ಒಂದು ಬಿಲ್ಲೆಯ ಬೆಲೆ ಮಾತ್ರ ಇರುತ್ತದೆ.

ಇಷ್ಟು ಹೇಳಿ: ತೂಕ ಎಷ್ಟು? ಅಥೀನಾಳ ಶಿರಸ್ತ್ರಾಣದ ಮೇಲಿನ ಜುಟ್ಟು ಪೂರ್ತಿ ಕಾಣುತ್ತದೆಯಾ? ಎಲ್ಲಾದರೂ ಉಳಿಯ ಏಟು ಇದೆಯಾ? ಅಂಚಿನ ಫೋಟೋ ಇದೆಯಾ?

ಹಾಸನದ_ಹುಡುಗ

ತೂಕ 16.6 ಗ್ರಾಂ ಅಂತ ಬರೆದಿದ್ದಾರೆ. ಜುಟ್ಟು ಅರ್ಧಕ್ಕಿಂತ ಕಮ್ಮಿ ಕಾಣುತ್ತದೆ. ಹಿಂಬದಿಯಲ್ಲಿ ಗೂಬೆಯ ಪಕ್ಕ ಒಂದು ಆಳವಾದ ಗೀರು ಇದೆ, ಒಳಗೂ ಬೆಳ್ಳಿಯೇ ಕಾಣುತ್ತದೆ. ಮೇಲೆಲ್ಲ ಸಣ್ಣ ಸಣ್ಣ ಗುಂಡಿಗಳಿವೆ. ಅಂಚಿನ ಫೋಟೋ ಇಲ್ಲ. ದರ್ಜೆ 'ಸೇಯರ್ ಶ್ಯೋನ್' ಅಂದರೆ 'ತುಂಬಾ ಚೆಂದ' ಅಂತ ಇದೆ. 2,400 ವರ್ಷ ಹಳೆಯದು, ಇಷ್ಟು ಚೆಂದ ಇದೆ ಅಂದರೆ 1,450 ನ್ಯಾಯ ಅಲ್ವಾ?

ಹಳೇ_ಬೆಳ್ಳಿ

ಸರ್, ಆ ಪದದಲ್ಲಿ ನಾನೂ ಎಡವಿದ್ದೆ. ಮಾತಿನಲ್ಲಿ ಅದು 'ತುಂಬಾ ಚೆಂದ'. ನಾಣ್ಯದವರ ಬಾಯಲ್ಲಿ ಬರೀ ವಿಎಫ್ (ವೆರಿ ಫೈನ್), ಅಂದರೆ ಸಾಕಷ್ಟು ಕೈ ಬದಲಾಯಿಸಿ ಸವೆದದ್ದು. ಅದರ ಮೇಲಿನ ದರ್ಜೆ 'ಫೋರ್‌ಟ್ಸ್ಯೂಗ್ಲಿಶ್', ಅದು ಇಎಫ್ (ಎಕ್ಸ್‌ಟ್ರೀಮ್ಲಿ ಫೈನ್).

ಹಳೆಯದು ಅನ್ನುವ ಲೆಕ್ಕವನ್ನೂ ಬಿಟ್ಟುಬಿಡಿ. ಕ್ರಿ.ಪೂ. 454ರ ಹೊತ್ತಿಗೆ ಗ್ರೀಕ್ ನಗರಗಳ ಒಕ್ಕೂಟದ ಖಜಾನೆ ಡೆಲೋಸ್ ದ್ವೀಪದಿಂದ ಅಥೆನ್ಸಿಗೆ ಬಂತು. ಕಪ್ಪಕಾಣಿಕೆ ಒಂದು ಕಡೆ, ಲಾರಿಯನ್ ಗಣಿಯ ಬೆಳ್ಳಿ ಇನ್ನೊಂದು ಕಡೆ. ಕ್ರಿ.ಪೂ. 404ರಲ್ಲಿ ಸ್ಪಾರ್ಟಾದ ಎದುರು ಸೋಲುವವರೆಗೆ ಅಥೆನ್ಸ್ ಈ ಗೂಬೆಗಳನ್ನು ರಾಶಿಗಟ್ಟಲೆ ಹೊಡೆಯಿತು. ಗ್ರೀಕ್ ಬೆಳ್ಳಿ ನಾಣ್ಯಗಳಲ್ಲಿ ಇದು ತುಂಬಾ ಸುಲಭವಾಗಿ ಸಿಗುವಂಥದ್ದು. ಬೆಲೆ ನಿಂತಿರುವುದು ಜನರ ಆಸೆಯ ಮೇಲೆ, ಕೊರತೆಯ ಮೇಲಲ್ಲ. ನನಗೂ ಇದರ ಮೇಲೆ ಪ್ರಾಣ, ಹಾಗಾಗಿ ಆ ಆಸೆ ಅರ್ಥವಾಗುತ್ತದೆ.

ತಕ್ಕಡಿ

ಈಗ ನಿಮ್ಮ ನಾಣ್ಯಕ್ಕೆ ಬರೋಣ.

ಒಳ್ಳೆಯ ಗೂಬೆ 17.1, 17.2 ಗ್ರಾಂ ತೂಗುತ್ತದೆ. 16.6 ಅಂದರೆ ಅರ್ಧ ಗ್ರಾಂನಷ್ಟು ಎಲ್ಲೋ ಹೋಗಿದೆ. ತೂಕ ಕಮ್ಮಿ ಇದ್ದರೆ ಮೊದಲು ಬರುವ ಅನುಮಾನ, ಒಳಗೆ ತಾಮ್ರ, ಮೇಲೆ ಬೆಳ್ಳಿ ಹೊದಿಕೆ. ಆ ಕಾಲದಲ್ಲೇ ಅಂಥ ಮೋಸದ ನಾಣ್ಯಗಳು ಇದ್ದವು. ನೀವು ಹೇಳಿದ ಆಳವಾದ ಗೀರು ಅದಕ್ಕೇ ಹಾಕಿದ್ದು. ಯಾರೋ ವ್ಯಾಪಾರಿ ಉಳಿ ಇಟ್ಟು ಹೊಡೆದು ಒಳಗೂ ಬೆಳ್ಳಿಯೇ ಇದೆಯಾ ಅಂತ ನೋಡಿದ್ದಾನೆ. ಏಟು ಬಿದ್ದ ನಾಣ್ಯಕ್ಕೆ ಬೆಲೆ ಕಮ್ಮಿ, ಆದರೆ ನಿಮ್ಮದರಲ್ಲಿ ಹೊದಿಕೆ ಇಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ. ಒಂದು ಎಚ್ಚರ. ಏಟು ಬಿದ್ದ ಅಸಲಿ ನಾಣ್ಯದಿಂದಲೇ ಅಚ್ಚು ತೆಗೆದು ಎರಕ ಹೊಯ್ದರೆ ಆ ಏಟೂ ನಕಲಾಗುತ್ತದೆ. ಅಸಲಿ ಏಟಿನ ಬಾಯಿ ಚೂಪಾಗಿರುತ್ತದೆ, ಎರಕದ್ದು ಸೋಪು ಸವೆದ ಹಾಗೆ ದುಂಡಗಿರುತ್ತದೆ. ಎರಕದ ನಾಣ್ಯದ ಅಂಚಿನಲ್ಲಿ ಸುತ್ತ ಜೋಡಣೆಯ ಗೆರೆ ಸಿಗುವುದುಂಟು, ಕೆಲವರು ಅದನ್ನು ಅರದಿಂದ ಉಜ್ಜಿ ಅಳಿಸಿರುತ್ತಾರೆ. ಅಂಚಿನ ಫೋಟೋ ಕೇಳಿದ್ದು ಅದಕ್ಕೆ. ಗುಂಡಿಗಳನ್ನೂ ಭೂತಗನ್ನಡಿ ಹಿಡಿದು ನೋಡಿ. ಗುಂಡಗೆ ನೀರಗುಳ್ಳೆ ಒಡೆದ ಹಾಗಿದ್ದರೆ ಎರಕದ ಅನುಮಾನ. ಒರಟೊರಟಾಗಿ ಕೊರೆದ ಹಾಗಿದ್ದರೆ ಮಣ್ಣಿನಲ್ಲಿ ಬೆಳ್ಳಿ ತಿಂದುಹೋಗಿ, ಆಮೇಲೆ ಯಾರೋ ಆಸಿಡ್‌ನಲ್ಲಿ ಜೋರಾಗಿ ತೊಳೆದಿದ್ದಾರೆ. ತೂಕ ಹೋದದ್ದಕ್ಕೂ ಆಗ ಕಾರಣ ಸಿಗುತ್ತದೆ.

ಅಸಲಿ ಅಂತಲೇ ಇಟ್ಟುಕೊಳ್ಳೋಣ. ಆದರೂ ಏಟು ಬಿದ್ದ, ಗುಂಡಿ ಬಿದ್ದ, ತೂಕ ಕಮ್ಮಿ ಇರುವ ವಿಎಫ್ ನಾಣ್ಯಕ್ಕೆ ನಾನು 1,450 ಕೊಡುವುದಿಲ್ಲ. ಜುಟ್ಟಿನ ವಿಷಯದಲ್ಲಿ ಬೇಜಾರು ಬೇಡ. ಕೆತ್ತಿದ ಚಿತ್ರ ಬಿಲ್ಲೆಗಿಂತ ದೊಡ್ಡದಿರುವುದರಿಂದ ಮುಕ್ಕಾಲು ಪಾಲು ನಾಣ್ಯಗಳಲ್ಲಿ ಜುಟ್ಟು ಹೊರಗೇ ಹೋಗಿರುತ್ತದೆ. ಪೂರ್ತಿ ಜುಟ್ಟು ಇದ್ದರೆ ಬೆಲೆ ಎರಡು ಮೂರು ಪಟ್ಟು ಏರುತ್ತದೆ. ನೀವು ನೋಡಿದ 2,900ರದ್ದು ಅಂಥದ್ದೇ ಇರಬಹುದು, ಅದರ ಫೋಟೋ ತೆಗೆದು ನೋಡಿ.

ಹಾಸನದ_ಹುಡುಗ

ಹೌದು ಸರ್, ಈಗ ನೋಡಿದೆ. ಜುಟ್ಟು ಪೂರ್ತಿ ಇದೆ! ಹಾಗಾದರೆ ನನ್ನ ನಾಣ್ಯಕ್ಕೆ ಸರಿಯಾದ ಬೆಲೆ ಕಂಡುಹಿಡಿಯುವುದು ಹೇಗೆ?

ಹಳೇ_ಬೆಳ್ಳಿ

ನಾನು ಮಾಡುವುದು ಇಷ್ಟೇ. ಎಸಿಸರ್ಚ್ ತಾಣದಲ್ಲಿ ಹಳೆಯ ಹರಾಜುಗಳ ಫೋಟೋ ನೋಡುವುದು ಉಚಿತ, ಬೆಲೆ ಕಾಣಬೇಕಾದರೆ ಚಂದಾ ಕಟ್ಟಬೇಕು. ಕಾಯಿನ್‌ಆರ್ಕೈವ್ಸ್‌ನಲ್ಲಿ ಈಚಿನ ಆರು ತಿಂಗಳ ಹರಾಜುಗಳು ದುಡ್ಡಿಲ್ಲದೆ ಸಿಗುತ್ತವೆ. ನಿಮ್ಮ ನಾಣ್ಯದ ಅಕ್ಕತಂಗಿಯರನ್ನು ಅಲ್ಲಿ ಹುಡುಕಿ. ಅದೇ ಸವೆತ, ಅದೇ ಮೇಲ್ಮೈ, ಏಟು ಇರುವಂಥದ್ದು, ಜುಟ್ಟು ಅಷ್ಟೇ ಕಾಣುವಂಥದ್ದು. ಆರೇಳು ಸಿಕ್ಕರೆ ಸಾಕು. ತೀರಾ ಮೇಲಿನದು, ತೀರಾ ಕೆಳಗಿನದು ಬಿಟ್ಟು ನಡುವಿನದನ್ನು ಹಿಡಿಯಿರಿ.

ಹತ್ತು ವರ್ಷ ಹಳೆಯ ಹರಾಜಿನ ಬೆಲೆ ನೋಡಬೇಡಿ. 2018ರ ಆಸುಪಾಸಿನಲ್ಲಿ ಗೂಬೆಗಳು ಭಾರಿ ಸಂಖ್ಯೆಯಲ್ಲಿ ಮಾರುಕಟ್ಟೆಗೆ ಬಂದು ಬೆಲೆ ಬಿದ್ದಿತ್ತು, ಆಮೇಲೆ ಮತ್ತೆ ಏರಿಳಿದಿದೆ. ಒಂದೆರಡು ವರ್ಷದೊಳಗಿನದೇ ನಂಬಿಕೆಗೆ ಅರ್ಹ. ಅಂಗಡಿಯವರು ಹಾಕಿಕೊಂಡಿರುವ ಬೆಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಅದು ಅವರು ಕೇಳುವ ಬೆಲೆ, ಮಾರಾಟವಾದ ಬೆಲೆಯಲ್ಲ.

ತಕ್ಕಡಿ

ಹರಾಜಿನ ಬೆಲೆಗೆ ಕಮಿಷನ್ ಸೇರಿಸುವುದನ್ನು ಮರೆಯಬೇಡಿ. ಕೂಗು 500ಕ್ಕೆ ನಿಂತರೆ, 20% ಕಮಿಷನ್ ಸೇರಿ 600. ಅಂಚೆ, ವಿಮೆ, ಕೆಲವು ಕಡೆ ತೆರಿಗೆ ಬೇರೆ. ಕೆಲವು ತಾಣಗಳು ಕಮಿಷನ್ ಸೇರಿಸಿ ತೋರಿಸುತ್ತವೆ, ಕೆಲವು ತೋರಿಸುವುದಿಲ್ಲ. ಇದನ್ನು ಗಮನಿಸದೆ ಹೋಲಿಸಿದರೆ ಲೆಕ್ಕವೆಲ್ಲ ತಪ್ಪುತ್ತದೆ. ವ್ಯಾಪಾರಿ ಅದರ ಮೇಲೆ ಕಾಲು ಭಾಗ ಜಾಸ್ತಿ ಕೇಳಿದರೆ ನಾನು ತಕರಾರು ಮಾಡುವುದಿಲ್ಲ. ಅಸಲಿ ಅಂತ ಬರೆದುಕೊಟ್ಟು, ನಕಲಿಯಾದರೆ ಎಷ್ಟು ವರ್ಷವಾದರೂ ದುಡ್ಡು ವಾಪಸ್ ಕೊಡುವ ಮನುಷ್ಯನಿಗೆ ಅಷ್ಟು ಕೊಡಬಹುದು.

ಮಲ್ಲೇಶ್ವರಂ_8ನೇ_ಕ್ರಾಸ್

ನಡುವೆ ಬಂದದ್ದಕ್ಕೆ ಕ್ಷಮಿಸಿ. ನಾನು ಬೆಂಗಳೂರಿಗೇ ತರಿಸಿಕೊಂಡು, ಇಷ್ಟವಾಗದಿದ್ದರೆ ವಾಪಸ್ ಕಳಿಸಬಹುದಾ?

ತಕ್ಕಡಿ

ಹಾಗೆ ನಂಬಿಕೊಂಡು ತರಿಸಬೇಡಿ ಮೇಡಂ. ನಮ್ಮ 1972ರ ಪ್ರಾಚೀನ ವಸ್ತುಗಳ ಕಾಯ್ದೆಯಲ್ಲಿ ನೂರು ವರ್ಷ ದಾಟಿದ ನಾಣ್ಯವೂ ಪ್ರಾಚೀನ ವಸ್ತು. ನಮ್ಮಂಥವರು ಅದನ್ನು ದೇಶದಿಂದ ಹೊರಗೆ ಕಳಿಸುವ ಹಾಗಿಲ್ಲ. ತರಿಸುವ ಮೊದಲೇ ಫೋಟೋ, ತೂಕ, ಅಂಚು ಎಲ್ಲ ನೋಡಿ ತೀರ್ಮಾನ ಮಾಡಿ.

ಹಾಸನದ_ಹುಡುಗ

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಏಟು ಬಿದ್ದ ಏಳು ಅಕ್ಕತಂಗಿಯರು ಸಿಕ್ಕರು. ಕಮಿಷನ್ ಸೇರಿ ನಡುವಿನ ಬೆಲೆ 540 ಯೂರೋ ಬಂತು. ವ್ಯಾಪಾರಿಗೆ ಪಟ್ಟಿ ತೋರಿಸಿ ಮರ್ಯಾದೆಯಿಂದಲೇ ಕೇಳಿದೆ. 1,300ಕ್ಕಿಂತ ಕೆಳಗೆ ಇಳಿಯಲಿಲ್ಲ, ಅಂಚಿನ ಫೋಟೋನೂ ಕೊಡಲಿಲ್ಲ. ಬಿಟ್ಟುಬಿಟ್ಟೆ.

ಕಳೆದ ಶನಿವಾರ ಒಂದು ಹರಾಜಿನಲ್ಲಿ ಬೇರೆ ಗೂಬೆ ಸಿಕ್ಕಿತು. ಏಟಿಲ್ಲ, ಅಥೀನಾಳ ಮುಖ ಪೂರ್ತಿ ಇದೆ, ಜುಟ್ಟು ಅರ್ಧ. ಇಂಥವಕ್ಕೆ ಬೇರೆ ಪಟ್ಟಿ ಮಾಡಿ, ಕೂಗು 700 ದಾಟಬಾರದು ಅಂತ ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ. 620ಕ್ಕೆ ನಿಂತಿತು. ಕಮಿಷನ್ 124, ಅಂಚೆ 15, ಒಟ್ಟು 759 ಯೂರೋ. ಇವತ್ತು ಕೈಗೆ ಬಂತು. ಮನೆಯ ತಕ್ಕಡಿಯಲ್ಲಿ 17.14 ಗ್ರಾಂ. ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಸುಮ್ನೆ ಕೂತಿದ್ದೆ.

ಹಳೇ_ಬೆಳ್ಳಿ

ತುಂಬಾ ಖುಷಿಯಾಯಿತು ಸರ್. ಹರಾಜಿನ ಚೀಟಿ, ಬಿಲ್ಲು, ಲಾಟ್ ಫೋಟೋ ಮೂರನ್ನೂ ನಾಣ್ಯದ ಜೊತೆಗೇ ಇಡಿ. ಮುಂದೆ ಮಾರುವ ದಿನ ಬಂದರೆ ಮೊದಲು ಕೇಳುವುದು ಅದನ್ನೇ. ಪಿವಿಸಿ ಪ್ಲಾಸ್ಟಿಕ್ ಜೇಬಿನಲ್ಲಿ ಮಾತ್ರ ಹಾಕಬೇಡಿ, ಬೆಳ್ಳಿಗೆ ಹಸಿರು ಅಂಟು ಕಟ್ಟುತ್ತದೆ. ಫೋಟೋ ಹಾಕಿ, ಗೂಬೆಯ ಕಣ್ಣು ನೋಡಬೇಕು.