ಪದಚರ್ಚೆ: ‘ಟ್ರ್ಯಾಕ್’, ‘ಪ್ಯಾಟರ್ನ್’, ‘ಸ್ಯಾಂಪಲ್’ – ಕಂಪ್ಯೂಟರ್ ಸಂಗೀತ ಕಲಿಯುವ ಮಕ್ಕಳಿಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಹಾಸನದಲ್ಲಿ ಹೈಸ್ಕೂಲು ಮತ್ತು ಪಿಯುಸಿ ಮಕ್ಕಳಿಗೆ ಕಂಪ್ಯೂಟರಿನಲ್ಲಿ ಸಂಗೀತ ಮಾಡುವುದನ್ನು ಹೇಳಿಕೊಡುತ್ತೇನೆ. ಹೊಸಬರು ಯಾವ ಸಾಫ್ಟ್‌ವೇರ್‌ನಿಂದ ಶುರು ಮಾಡಬೇಕು, ಅದರಲ್ಲಿ ಏನೇನಿರುತ್ತದೆ ಅಂತ ಕನ್ನಡದಲ್ಲೇ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಕೆಲವು ಪದಗಳು ತೀರ್ಮಾನವಾಗುತ್ತಿಲ್ಲ. ನಿಮ್ಮ ಕಡೆಯ ಬಳಕೆ ತಿಳಿಸಿದರೆ ಉಪಕಾರವಾಗುತ್ತದೆ.

ಜಾಸ್ತಿ ತೊಡಕು ಕೊಡುತ್ತಿರುವುದು ‘ಟ್ರ್ಯಾಕ್’. ಈ ಪದ ಎಲ್ಲರ ಬಾಯಲ್ಲೂ ಇದೆ, ಅರ್ಥ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಆರ್ಕೆಸ್ಟ್ರಾದವರು ‘ಟ್ರ್ಯಾಕ್ ಹಾಕಪ್ಪ’ ಅಂದರೆ, ಹಾಡುವವರ ದನಿ ಇಲ್ಲದೆ ಬರೀ ವಾದ್ಯಗಳಿರುವ ಇಡೀ ಹಾಡು. ಸಿನಿಮಾದವರು ‘ಟ್ರ್ಯಾಕ್ ಹಾಡಿದ್ದಾರೆ’ ಅಂದರೆ, ಮುಖ್ಯ ಗಾಯಕರು ಬರುವ ಮುಂಚೆ ಬೇರೆ ಯಾರೋ ಹಾಡಿಟ್ಟ ಮಾದರಿ. ಸಿಡಿ ಕಾಲದವರಿಗೆ ಅದು ಒಂದು ಹಾಡು. ಸಾಫ್ಟ್‌ವೇರ್‌ನಲ್ಲಿ ಇದ್ಯಾವುದೂ ಅಲ್ಲ. ಪರದೆಯ ಮೇಲೆ ಒಂದರ ಕೆಳಗೊಂದು ಇರುವ ಸಾಲುಗಳಲ್ಲಿ ಒಂದು. ಒಂದರಲ್ಲಿ ತಮಟೆ, ಇನ್ನೊಂದರಲ್ಲಿ ಕೊಳಲು, ಮತ್ತೊಂದರಲ್ಲಿ ಶ್ರುತಿ. ‘ಹೊಸ ಟ್ರ್ಯಾಕ್ ತಗೊ’ ಅಂದರೆ, ಆರ್ಕೆಸ್ಟ್ರಾ ನೋಡಿ ಬೆಳೆದ ಹುಡುಗ ಮಾಡಿದ್ದನ್ನೆಲ್ಲ ಮುಚ್ಚಿ ಹೊಸ ಹಾಡನ್ನೇ ಶುರು ಮಾಡುತ್ತಾನೆ. ಅವನಿಗೆ ಗೊತ್ತಿರುವ ಅರ್ಥ ಅದೇ ಅಲ್ವಾ? ‘ಎಳೆ’ ಅನ್ನಬಹುದು, ಕೇಳೋಕೆ ಚೆನ್ನಾಗಿದೆ, ಹಲವು ಸೇರಿ ಒಂದಾಗುವ ಭಾವವೂ ಅದರಲ್ಲಿದೆ. ಆದರೆ ಪರದೆ ತೋರಿಸಿ ಹೇಳುವಾಗ ‘ಸಾಲು’ ಅಂದರೆ ಮಕ್ಕಳ ಬೆರಳು ನೇರವಾಗಿ ಅಲ್ಲಿಗೇ ಹೋಗುತ್ತದೆ. ನನ್ನ ಮನಸ್ಸು ಸಾಲಿನ ಕಡೆಗಿದೆ.

ಇನ್ನೊಂದು, ಸಾಫ್ಟ್‌ವೇರ್‌ನ ಬಗೆಗಳನ್ನು ಬೇರೆ ಮಾಡಿ ಹೇಳುವ ಪದಗಳು. ಆಯ್ಕೆ ತಪ್ಪುವುದು ಇಲ್ಲೇ. ಗಣೇಶನ ಮೆರವಣಿಗೆಯ ಸದ್ದು ಕೇಳಿದವರು ‘ಡಿಜೆ ಸಾಫ್ಟ್‌ವೇರ್ ಹಾಕಿಕೊಡಿ ಮಿಸ್’ ಅಂತಾರೆ. ವರ್ಚುವಲ್ ಡಿಜೆ ಥರದ್ದು ಈಗಾಗಲೇ ಇರುವ ಹಾಡುಗಳನ್ನು ಒಂದಕ್ಕೊಂದು ಕೂಡಿಸಿ ನುಡಿಸುವುದಕ್ಕೆ, ಹೊಸದು ಕಟ್ಟುವುದಕ್ಕಲ್ಲ. ಇನ್ನು ಕೆಲವರು ‘ರೆಕಾರ್ಡಿಂಗ್ ಸಾಫ್ಟ್‌ವೇರ್’ ಅಂತ ಹುಡುಕಿ ಆಡಾಸಿಟಿ ಹಾಕಿಕೊಳ್ಳುತ್ತಾರೆ. 2000ದಲ್ಲಿ ಬಿಡುಗಡೆಯಾದದ್ದು, ಉಚಿತ, ನನಗೆ ತುಂಬ ಇಷ್ಟ. ಆದರೆ ಅದರ ಕೆಲಸ ದನಿ ಹಿಡಿಯುವುದು, ಕತ್ತರಿಸುವುದು, ಸರಿಮಾಡುವುದು. ಸ್ವರ ಜೋಡಿಸಿ ವಾದ್ಯದಲ್ಲಿ ನುಡಿಸಬೇಕು ಅಂದರೆ ಎಲ್‌ಎಂಎಂಎಸ್, ಎಫ್‌ಎಲ್ ಸ್ಟುಡಿಯೋ, ಏಬಲ್ಟನ್ ಲೈವ್, ಗ್ಯಾರೇಜ್‌ಬ್ಯಾಂಡ್ ಇಂಥವೇ ಬೇಕು. ಸಿನಿಮಾದವರು ಈ ಕೆಲಸಕ್ಕೆ ‘ರಿದಂ ಪ್ರೋಗ್ರಾಮಿಂಗ್’, ‘ಕೀಬೋರ್ಡ್ ಪ್ರೋಗ್ರಾಮಿಂಗ್’ ಅಂತಾರೆ. ಶಾಲೆಯಲ್ಲಿ ಕೋಡಿಂಗ್ ಕಲಿಯುವ ಮಕ್ಕಳಿಗೆ ಆ ಪದ ಬೇರೆಲ್ಲಿಗೋ ಕರೆದುಕೊಂಡು ಹೋಗುತ್ತದೆ. ಅದಕ್ಕೇ ‘ದನಿ ಹಿಡಿಯೋ’, ‘ಹಾಡು ಹೆಣೆಯೋ’, ‘ಹಾಡು ಕೂಡಿಸೋ’ ಸಾಫ್ಟ್‌ವೇರ್ ಅಂತ ಮೂರು ಬಗೆ ಮಾಡಿದ್ದೇನೆ. ‘ಹೆಣೆಯೋ’ ನಿಮಗೆ ಸರಿ ಅನ್ನಿಸುತ್ತದಾ?

ಕೈಪಿಡಿಯಲ್ಲಿ ನಾನು ಮೊದಲು ಹೇಳುವುದು ಎಲ್‌ಎಂಎಂಎಸ್. ಪೂರ್ತಿ ಉಚಿತ, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ನಡೆಯುತ್ತದೆ. ಅದರ 1.2 ಆವೃತ್ತಿಯಲ್ಲಿ ನೇರವಾಗಿ ದನಿ ಹಿಡಿಯೋಕಾಗುವುದಿಲ್ಲ, ಆದ್ದರಿಂದ ಆಡಾಸಿಟಿ ಜೊತೆಗಿರಬೇಕು. ಫೋನ್ ಮಾತ್ರ ಇರುವವರಿಗೆ ಬ್ಯಾಂಡ್‌ಲ್ಯಾಬ್. ಗ್ಯಾರೇಜ್‌ಬ್ಯಾಂಡ್ ಸೊಗಸಾಗಿದೆ, ಆದರೆ ಆ್ಯಪಲ್ ಸಾಧನ ಇದ್ದವರಿಗಷ್ಟೇ. ಎಫ್‌ಎಲ್ ಸ್ಟುಡಿಯೋ ಮೊದಲು ಫ್ರೂಟಿಲೂಪ್ಸ್ ಆಗಿತ್ತು. ಮಕ್ಕಳು ಮೊದಲು ಕೇಳುವ ಹೆಸರು ಅದೇ. ಅದರ ಟ್ರಯಲ್‌ನಲ್ಲಿ ಹಾಡು ಸೇವ್ ಆಗುತ್ತದೆ, ದುಡ್ಡು ಕೊಟ್ಟು ಕೊಳ್ಳುವವರೆಗೆ ಮತ್ತೆ ತೆರೆಯುವುದಿಲ್ಲ. ಇದನ್ನು ದಪ್ಪಕ್ಷರದಲ್ಲಿ ಹಾಕುತ್ತೇನೆ. ಮಕ್ಕಳ ದಿನವಿಡೀ ಕೆಲಸ ಸುಮ್ನೆ ಸಿಕ್ಕಿಹಾಕಿಕೊಳ್ಳಬಾರದು.

ಈಗ ‘ಪ್ಯಾಟರ್ನ್’ ಮತ್ತು ‘ಸ್ಟೆಪ್’. ಇಲ್ಲಿ ನಮ್ಮ ಕಡೆಯ ಮಾತಿನಲ್ಲೇ ಬೇಕಾದಷ್ಟಿದೆ. ಪರದೆಯಲ್ಲಿ 16 ಚೌಕ ಇರುತ್ತವೆ. ಯಾವುದನ್ನು ಒತ್ತುತ್ತೇವೋ ಅಲ್ಲಿ ಪೆಟ್ಟು ಬೀಳುತ್ತದೆ. ಹೀಗೆ ಕಟ್ಟಿದ ಪೆಟ್ಟುಗಳ ಗುಂಪಿಗೆ ತಮಟೆ ಬಡಿಯುವವರ ‘ಗತ್ತು’ ಅನ್ನುವ ಪದವೇ ಸಾಕು. ಹುಡುಗರು ‘ಈ ಗತ್ತು ಸಾಲದು, ಇನ್ನೊಂದು ಹಾಕಣ’ ಅಂತ ಮಾತಾಡಿಕೊಳ್ಳಲಿ ಅಂತ ನನಗಾಸೆ. ಒಂದೊಂದು ಚೌಕಕ್ಕೆ, ಅಂದರೆ ‘ಸ್ಟೆಪ್’ಗೆ, ‘ಮನೆ’ ಅನ್ನುತ್ತೇನೆ, ಚೌಕಾಬಾರದಲ್ಲಿ ಕಾಯಿ ಇಡುವ ಮನೆ ಇದ್ದ ಹಾಗೆ.

ಆದರೆ ಕರ್ನಾಟಕ ಸಂಗೀತ ಕಲಿತ ಮಕ್ಕಳೂ ಬರುತ್ತಾರೆ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಗಾಯಕ ಆರ್.ಕೆ. ಶ್ರೀಕಂಠನ್ ಅಂಥವರ ಊರು, ಈ ಜಿಲ್ಲೆಗೆ ತಾಳದ ಲೆಕ್ಕ ಹೊಸದಲ್ಲ. ಆ ಮಕ್ಕಳು ‘ಅಕ್ಷರ’ (ತಾಳದ ಒಂದು ಎಣಿಕೆ), ‘ನಡೆ’ (ಒಂದು ಅಕ್ಷರದೊಳಗೆ ಎಷ್ಟು ಭಾಗ ಅನ್ನುವುದು), ‘ಆವರ್ತ’ (ತಾಳದ ಒಂದು ಪೂರ್ತಿ ಸುತ್ತು) ಅಂತಾರೆ. ಆದಿತಾಳಕ್ಕೆ 8 ಅಕ್ಷರ. ಚತುರಶ್ರ ನಡೆಯಲ್ಲಿ ಅಕ್ಷರಕ್ಕೆ 4 ಮನೆ ಕೊಟ್ಟರೆ ಒಂದು ಆವರ್ತಕ್ಕೆ 32 ಮನೆ. ತಾಳದ ಮೊದಲ ಭಾಗವಾದ ಲಘುವಿಗೆ 16, ಉಳಿದ ಭಾಗಗಳಾದ ಎರಡು ದ್ರುತ ಸೇರಿ ಇನ್ನೊಂದು 16. ಇದನ್ನು ಕೇಳಿದರೆ ಅವರಿಗೆ ಸಾಫ್ಟ್‌ವೇರ್ ಅರ್ಧ ಅರ್ಥವಾದಂತೆ. 7 ಎಣಿಕೆಯ ಮಿಶ್ರಛಾಪು ತಾಳ ಬೇಕಾದರೆ ಪರದೆಯ ತಾಳದ ಗುರುತು 4/4 ಇರುವಲ್ಲಿ 7/8 ಮಾಡಿ 14 ಮನೆಯಲ್ಲಿ ಕಟ್ಟಬೇಕು, ಇಲ್ಲದಿದ್ದರೆ ಕೊನೆಯ ಎರಡು ಮನೆ ಖಾಲಿ ಓಡಿ ತಾಳ ತಪ್ಪುತ್ತದೆ. ಒಂದೇ ಬೆಂಚಿನಲ್ಲಿ ಕೂತ ಇಬ್ಬರಿಗೆ ‘ಗತ್ತು’ ಒಬ್ಬನ ಪದ, ‘ಆವರ್ತ’ ಇನ್ನೊಬ್ಬಳ ಪದ. ಎರಡನ್ನೂ ಉಳಿಸಿಕೊಳ್ಳಬೇಕು ಅಂತಿದ್ದೇನೆ: ಪ್ಯಾಟರ್ನ್‌ಗೆ ಗತ್ತು, ಅದು ತಿರುಗಿ ತಿರುಗಿ ಬರುವ ಲೂಪ್‌ಗೆ ಆವರ್ತ. ಸಂಗೀತ ಬಲ್ಲವರು ಇದು ಒಪ್ಪುತ್ತದಾ ಹೇಳಬೇಕು.

‘ಸ್ಯಾಂಪಲ್’ ಕೇಳಿದರೆ ಸಕಲೇಶಪುರದ ಕಡೆಯ ಮಕ್ಕಳಿಗೆ ನೆನಪಾಗುವುದು ವ್ಯಾಪಾರಿಗೆ ತೋರಿಸೋಕೆ ಒಯ್ಯುವ ಕಾಫಿ ಬೀಜ. ಸಾಫ್ಟ್‌ವೇರ್‌ನಲ್ಲಿ ಎರಡು ಅರ್ಥ ಇವೆ. ಒಂದು, ಕತ್ತರಿಸಿ ಇಟ್ಟುಕೊಂಡ ಸದ್ದು, ಉದಾಹರಣೆಗೆ ತಮಟೆಯ ಒಂದು ಪೆಟ್ಟು. ಇನ್ನೊಂದು, ಸಿಡಿ ಗುಣಮಟ್ಟದಲ್ಲಿ ಸೆಕೆಂಡಿಗೆ 44,100 ಸಲ ದನಿಯನ್ನು ಅಳೆಯುವಾಗ ಸಿಗುವ ಒಂದೊಂದು ಅಳತೆ. ಮೊದಲನೆಯದಕ್ಕೆ ‘ತುಣುಕು’ ಅಂತ ಹಾಕಿ, ಎರಡನೆಯದಕ್ಕೆ ‘ಸ್ಯಾಂಪಲ್’ ಬಿಟ್ಟುಕೊಟ್ಟಿದ್ದೇನೆ.

‘ಮಿಡಿ’ ಹಾಗೇ ಇರಲಿ. 1983ರಲ್ಲಿ ಬಂದ ಈ ಪದ್ಧತಿಯಲ್ಲಿ ಸದ್ದು ಇರುವುದಿಲ್ಲ, ಯಾವ ಸ್ವರ, ಯಾವಾಗ, ಎಷ್ಟು ಜೋರು ಅನ್ನುವ ಬರಹ ಮಾತ್ರ. ನಮ್ಮಲ್ಲಿ ತಂತಿ ಮಿಡಿಯುವುದು ಅನ್ನುವ ಮಾತೂ ಇರುವುದರಿಂದ ಮಕ್ಕಳಿಗೆ ಬೇಗ ಒಗ್ಗಿದೆ.

‘ಲೇಟೆನ್ಸಿ’ಗೆ ಮಾತ್ರ ಏನೂ ಸಿಕ್ಕಿಲ್ಲ. ಕೀ ಒತ್ತಿದ ಮೇಲೆ ಸದ್ದು ಕಿವಿಗೆ ಬರುವಷ್ಟರ ತಡ ಅದು. ಸೆಕೆಂಡಿಗೆ 44,100 ಸ್ಯಾಂಪಲ್ ಇರುವಾಗ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟು ಕಳಿಸುವ ಸ್ಯಾಂಪಲ್‌ಗಳ ಲೆಕ್ಕ) 512 ಇಟ್ಟರೆ ಅದರಿಂದಲೇ ಸುಮಾರು 12 ಮಿಲಿಸೆಕೆಂಡ್ ಆಗುತ್ತದೆ. ‘ತಡ’ ಅಂದರೆ ಮಕ್ಕಳು ಕಂಪ್ಯೂಟರ್ ನಿಧಾನ ಅಂದುಕೊಳ್ಳುತ್ತಾರೆ, ‘ಹಿಂದೆ ಬೀಳೋದು’ ಅಂದರೆ ನುಡಿಸುವವರದೇ ತಪ್ಪು ಅನ್ನಿಸುತ್ತದೆ. ನಿಮ್ಮಲ್ಲಿ ಸ್ಟುಡಿಯೋದಲ್ಲಿ ಕೆಲಸ ಮಾಡಿದವರು, ಆರ್ಕೆಸ್ಟ್ರಾದಲ್ಲಿ ರಿದಂ ಪ್ಯಾಡ್ ನುಡಿಸುವವರು ಇದ್ದರೆ, ಇದಕ್ಕೆ ನಿಮ್ಮೊಳಗೆ ಏನಂತೀರಿ? ದಯವಿಟ್ಟು ಆಡುವ ಹಾಗೇ ಬರೆದು ಕಳಿಸಿ.